ನೀಟ್ ತಯಾರಿ: ಕೋಚಿಂಗ್‌ಗೆ ಹಣ ಕಟ್ಟುವ ಮುನ್ನ ಹೆತ್ತವರು ತಿಳಿಯಬೇಕಾದದ್ದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ಮನೆಗಳಲ್ಲಿ ಒಂದೇ ಮಾತು: ಮಗುವನ್ನು ಎಲ್ಲಿಗೆ ಸೇರಿಸುವುದು? ಡಾಕ್ಟರಾಗಬೇಕೆಂಬ ಆಸೆ ಮಗುವಿಗಿದ್ದರೆ ಆ ಮಾತಿನ ಜತೆಗೆ ಇನ್ನೊಂದು ಮಾತೂ ಬರುತ್ತದೆ: ಕೋಚಿಂಗ್‌ಗೆ ಎಷ್ಟು ಕಟ್ಟಬೇಕು? ಮಂಗಳೂರು, ಮೂಡುಬಿದಿರೆ ಕಡೆಯ ಹೆತ್ತವರಿಗೆ ಕಾಲೇಜುಗಳು ಬಸ್ಸಿನ ದಾರಿಯಲ್ಲೇ ಸಿಗುತ್ತವೆ. ಘಟ್ಟದ ಮೇಲೆ, ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ಟಿ. ನರಸೀಪುರ ತಾಲೂಕುಗಳ ಹೆತ್ತವರಿಗೆ ಹಾಗಲ್ಲ. ಮಗುವನ್ನು ದಿನವೂ ಮೈಸೂರಿಗೆ ಕಳುಹಿಸಬೇಕು, ಇಲ್ಲವೇ ಘಟ್ಟ ಇಳಿಸಿ ಕರಾವಳಿಯ ವಸತಿ ಕಾಲೇಜಿಗೆ ಸೇರಿಸಬೇಕು, ಇಲ್ಲವೇ ಊರಿನ ಪಿಯು ಕಾಲೇಜಿನಲ್ಲೇ ಓದಿಸಬೇಕು. ಭತ್ತ ಮಾರಿದ ಹಣ, ಕಾರ್ಖಾನೆಯ ಸಂಬಳ ಅಥವಾ ಅಡವಿಟ್ಟ ಒಡವೆ ಈ ತೀರ್ಮಾನದ ಮೇಲೆ ನಿಂತಿರುತ್ತದೆ. ಆದ್ದರಿಂದ ಈ ಎರಡು ತಾಲೂಕುಗಳ ಮನೆಯ ಲೆಕ್ಕವನ್ನೇ ಎದುರಿಗಿಟ್ಟುಕೊಂಡು ನಾವು ಈ ವಿಷಯವನ್ನು ವಿವರಿಸುತ್ತಿದ್ದೇವೆ. ಹೆಚ್ಚಿನ ಅಂಶಗಳು ಬೇರೆ ಊರಿನವರಿಗೂ ಅನ್ವಯಿಸುತ್ತವೆ.

ಮೊದಲು ಪರೀಕ್ಷೆಯನ್ನು ತಿಳಿಯೋಣ

ಹಿಂದೆ ವೈದ್ಯಕೀಯ ಸೀಟಿಗೆ ಸಿಇಟಿ, ಕಾಮೆಡ್-ಕೆ ಎಂದು ಹಲವು ಪರೀಕ್ಷೆಗಳಿದ್ದವು. 2017ರಿಂದ ನಮ್ಮ ರಾಜ್ಯದಲ್ಲೂ ಎಂಬಿಬಿಎಸ್ ಪ್ರವೇಶಕ್ಕೆ ನೀಟ್ ಒಂದೇ ಬಾಗಿಲು. ಕ್ರೈಸ್ತ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಬೇರೆ ದಾರಿ ಇದೆಯೇ ಎಂದು ಇಂದಿಗೂ ಕೆಲವರು ಕೇಳುತ್ತಾರೆ. ಇಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಏಪ್ರಿಲ್ 29ರಂದು ನೀಡಿದ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆ. ಮಂಗಳೂರಿನ ಫಾದರ್ ಮುಲ್ಲರ್ ಆಗಲಿ, ಬೆಂಗಳೂರಿನ ಸಂತ ಜಾನರ ಕಾಲೇಜಾಗಲಿ, ನೀಟ್ ಇಲ್ಲದೆ ಪ್ರವೇಶವಿಲ್ಲ.

2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿದ್ದವು, ಸಮಯ 3 ಗಂಟೆ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಒಟ್ಟು 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ ಎಂಬುದನ್ನು ಗಮನಿಸಬೇಕು. ಗೊತ್ತಿಲ್ಲದ 20 ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿ ನಾಲ್ಕು ಮಾತ್ರ ಸರಿಯಾದರೆ ಬಂದ 16 ಅಂಕ ತಪ್ಪಿದ 16ರಲ್ಲೇ ಕಳೆದುಹೋಗುತ್ತದೆ.

ಪುಸ್ತಕ ಎಲ್ಲರಿಗೂ ಒಂದೇ

ನಂಜನಗೂಡಿನ ಸರ್ಕಾರಿ ಪಿಯು ಕಾಲೇಜಿನ ಹುಡುಗಿಯ ಕೈಯಲ್ಲೂ, ಲಕ್ಷಗಟ್ಟಲೆ ಶುಲ್ಕದ ವಸತಿ ಕಾಲೇಜಿನ ಹುಡುಗನ ಕೈಯಲ್ಲೂ ಇರಬೇಕಾದ ಮೂಲ ಪುಸ್ತಕ ಒಂದೇ: ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಪುಸ್ತಕಗಳು. ಭೌತಶಾಸ್ತ್ರ ನಾಲ್ಕು ಭಾಗ, ರಸಾಯನಶಾಸ್ತ್ರ ನಾಲ್ಕು ಭಾಗ, ಜೀವಶಾಸ್ತ್ರ ಎರಡು, ಒಟ್ಟು ಹತ್ತು. ಎನ್‌ಸಿಇಆರ್‌ಟಿಯ ತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ. ಜೀವಶಾಸ್ತ್ರದಲ್ಲಂತೂ ಸಾಲು ಸಾಲಾಗಿ, ಚಿತ್ರದ ಕೆಳಗಿನ ಬರಹವನ್ನೂ ಬಿಡದೆ ಓದಬೇಕು.

ಅಣ್ಣ ಅಕ್ಕಂದಿರ ಹಳೆಯ ಪುಸ್ತಕ ಬಳಸುವವರು ಒಂದು ಎಚ್ಚರಿಕೆ ವಹಿಸಬೇಕು. 2024ರ ಪರೀಕ್ಷೆಯಿಂದ ನೀಟ್ ಪಠ್ಯಕ್ರಮ ಬದಲಾಯಿತು. ರಸಾಯನಶಾಸ್ತ್ರದ ಘನ ಸ್ಥಿತಿ, ಪಾಲಿಮರ್‌ನಂಥ ಅಧ್ಯಾಯಗಳನ್ನು ಕೈಬಿಡಲಾಯಿತು. ಆದ್ದರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರಕಟಿಸುವ ಪಠ್ಯಕ್ರಮವನ್ನು ಮುದ್ರಿಸಿ ಗೋಡೆಗೆ ಅಂಟಿಸಿ, ಅದಕ್ಕೆ ಹೋಲಿಸಿ ಓದಬೇಕು. ದಪ್ಪ ದಪ್ಪ ಗೈಡುಗಳನ್ನು ಮೊದಲೇ ಕೊಳ್ಳುವುದು ಬೇಡ. ಭೌತಶಾಸ್ತ್ರಕ್ಕೆ ಲೆಕ್ಕಗಳ ಒಂದು ಪುಸ್ತಕ ಮತ್ತು ಹಿಂದಿನ ವರ್ಷಗಳ ನೀಟ್ ಪ್ರಶ್ನೆಪತ್ರಿಕೆಗಳ ಒಂದು ಸಂಕಲನ ಆರಂಭಕ್ಕೆ ಸಾಕು.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಕಷ್ಟ ಬೇರೆಯೇ. ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. ಅರ್ಜಿ ತುಂಬುವಾಗಲೇ ಭಾಷೆಯನ್ನು ಆರಿಸಬೇಕು. ಆಗ ಪ್ರಶ್ನೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತವೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ. ಆದರೆ ಈ ತರಗತಿಗಳ ಎನ್‌ಸಿಇಆರ್‌ಟಿ ಪುಸ್ತಕಗಳು ಕನ್ನಡದಲ್ಲಿಲ್ಲ, ಪಿಯು ವಿಜ್ಞಾನದ ಪಾಠವೂ ಇಂಗ್ಲಿಷಿನಲ್ಲೇ ನಡೆಯುತ್ತದೆ. ಹೀಗಾಗಿ ಮೊದಲ ಎರಡು ತಿಂಗಳು ಕೋಚಿಂಗ್‌ಗಿಂತ ಮುಖ್ಯವಾದದ್ದು ಪದಗಳ ಪರಿಚಯ. ಒಂದು ನೋಟ್ ಪುಸ್ತಕದಲ್ಲಿ ದಿನಕ್ಕೆ ಹತ್ತು ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದುಕೊಂಡರೆ ಎರಡು ತಿಂಗಳಲ್ಲಿ 600 ಪದಗಳಾಗುತ್ತವೆ. ಭಾಷೆ ಅರ್ಥವಾಗದ ಮಗುವನ್ನು ವೇಗದ ತರಗತಿಯಲ್ಲಿ ಕೂರಿಸಿದರೆ "ನನಗೆ ಬುದ್ಧಿಯಿಲ್ಲ" ಎಂದು ಅದು ತಪ್ಪಾಗಿ ತಿಳಿದುಕೊಳ್ಳುತ್ತದೆ.

ಹಾಗಾದರೆ ಕೋಚಿಂಗ್‌ನಲ್ಲಿ ಕೊಳ್ಳುವುದು ಏನನ್ನು?

ಪುಸ್ತಕ ಒಂದೇ ಆದ ಮೇಲೆ ಕೋಚಿಂಗ್‌ನಲ್ಲಿ ನಾವು ಹಣ ಕೊಟ್ಟು ಪಡೆಯುವುದು ಮೂರನ್ನು: ಅರ್ಥವಾಗದ್ದನ್ನು ಕೇಳಲು ಒಬ್ಬ ಗುರು, ಕ್ರಮವಾದ ಪರೀಕ್ಷೆಗಳು, ಮತ್ತು ದಿನಚರಿಯ ಶಿಸ್ತು. ಈ ಮೂರರಲ್ಲಿ ನಿಮ್ಮ ಮಗುವಿಗೆ ಯಾವುದು ಕಡಿಮೆಯಿದೆಯೋ ಅದಕ್ಕೆ ಮಾತ್ರ ಹಣ ಕೊಡುವುದು ಬುದ್ಧಿವಂತಿಕೆ.

ಇದನ್ನು ತಿಳಿಯಲು ಸುಲಭ ಉಪಾಯವಿದೆ. ಪ್ರಥಮ ಪಿಯುಸಿಯ ಕೆಲವು ಪಾಠಗಳು ಮುಗಿದ ಮೇಲೆ ಹಳೆಯ ಪತ್ರಿಕೆಗಳಿಂದ ಆ ಪಾಠಗಳ ಪ್ರಶ್ನೆಗಳನ್ನು ಆರಿಸಿ, ಗಡಿಯಾರ ಇಟ್ಟು ಮಗುವಿನಿಂದ ಬರೆಸಿ. ನಂತರ ತಪ್ಪುಗಳನ್ನು ಮೂರು ರಾಶಿ ಮಾಡಿ: ಪಾಠವೇ ಗೊತ್ತಿಲ್ಲದ್ದು, ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದು, ಸಮಯ ಸಾಲದೆ ಬಿಟ್ಟದ್ದು. ಮೊದಲನೆಯದು ಹೆಚ್ಚಿದ್ದರೆ ಗುರು ಬೇಕು. ಉಳಿದೆರಡು ಹೆಚ್ಚಿದ್ದರೆ ಪರೀಕ್ಷೆಗಳ ಅಭ್ಯಾಸ ಸಾಕು. ಅದಕ್ಕೆ ಲಕ್ಷ ರೂಪಾಯಿ ಬೇಕಾಗಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯವು ಕಾನ್ಪುರದ ಐಐಟಿಯ ಜತೆಗೂಡಿ 2023ರಲ್ಲಿ ಆರಂಭಿಸಿದ 'ಸಾಥಿ' ತಾಣದಲ್ಲಿ ನೀಟ್ ಪಾಠಗಳೂ ಅಭ್ಯಾಸ ಪರೀಕ್ಷೆಗಳೂ ಉಚಿತ.

ದೂರದ ಲೆಕ್ಕ

ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರ್. ಚಾಮರಾಜನಗರದ ರೈಲೂ ಇದೆ, ಬಸ್ಸೂ ಇದೆ. ಟಿ. ನರಸೀಪುರಕ್ಕೆ ರೈಲಿಲ್ಲ, ಬಸ್ಸೊಂದೇ ದಾರಿ. ಹಳ್ಳಿಯಿಂದ ತಾಲೂಕು ಕೇಂದ್ರಕ್ಕೆ, ಅಲ್ಲಿಂದ ಮೈಸೂರಿಗೆ, ಬಸ್ಸಿಗೆ ಕಾಯುವುದೂ ಸೇರಿ ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ ಎಂದಿಟ್ಟುಕೊಳ್ಳಿ. ವಾರಕ್ಕೆ ಆರು ದಿನವಾದರೆ 15 ಗಂಟೆ ರಸ್ತೆಯಲ್ಲೇ ಕಳೆಯಿತು. ಅಷ್ಟು ಹೊತ್ತು ಮನೆಯಲ್ಲಿ ಕುಳಿತು ಓದುವ ಮಗುವಾದರೆ ದಿನದ ಕೋಚಿಂಗ್‌ನಿಂದ ನಷ್ಟವೇ ಹೆಚ್ಚು. ಅಂಥವರು ಊರಿನ ಕಾಲೇಜಿನಲ್ಲೇ ಓದಿ, ಭಾನುವಾರ ಮಾತ್ರ ಮೈಸೂರಿನಲ್ಲಿ ಪರೀಕ್ಷಾ ಸರಣಿಗೆ ಸೇರುವುದು ಒಳ್ಳೆಯ ನಡುದಾರಿ.

ಮನೆಯಲ್ಲಿ ಓದಲು ಜಾಗವಿಲ್ಲ, ಗದ್ದಲ ಹೆಚ್ಚು, ಮಗು ತಾನಾಗಿ ಕೂರುವುದಿಲ್ಲ ಎಂದಾದರೆ ವಸತಿ ಕಾಲೇಜಿನಿಂದ ಪ್ರಯೋಜನವಿದೆ. ಆದರೆ ಮಗುವಿಗೇ ಅಲ್ಲಿರಲು ಮನಸ್ಸಿದೆಯೇ ಎಂದು ಮೊದಲು ಕೇಳಬೇಕು. ಹದಿನೈದು ಹದಿನಾರರ ವಯಸ್ಸಿನಲ್ಲಿ ಮನೆ ಬಿಟ್ಟು ಹೋಗುವ ಮಗುವಿಗೆ ವಾರಕ್ಕೊಮ್ಮೆಯಾದರೂ ಮನೆಯವರೊಂದಿಗೆ ಮಾತಾಡುವ ಅವಕಾಶ ಇರಲೇಬೇಕು, ಆ ಮಾತು ಅಂಕದ ಬಗ್ಗೆ ಮಾತ್ರ ಆಗಿರಬಾರದು.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದರಂತೆ 16 ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕ್ ಖಚಿತವೆಂದು ಭರವಸೆ ಕೊಡಬಾರದು, ಪಾಠ ಹೇಳುವವರು ಪದವೀಧರರಾಗಿರಬೇಕು, ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನಗಳೊಳಗೆ ಮರಳಿಸಬೇಕು. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಕೋಚಿಂಗ್ ಜಾಹೀರಾತುಗಳ ಬಗ್ಗೆಯೂ ನಿಯಮ ಮಾಡಿತು. ಫೋಟೋದಲ್ಲಿರುವ ರ‍್ಯಾಂಕ್ ವಿದ್ಯಾರ್ಥಿ ಅಲ್ಲಿ ಓದಿದ್ದು ಯಾವ ಕೋರ್ಸು, ಎಷ್ಟು ಅವಧಿ, ಹಣ ಕಟ್ಟಿ ಓದಿದರೇ ಎಂಬುದನ್ನು ತಿಳಿಸಬೇಕು. ಏಕೆಂದರೆ ಎರಡು ವರ್ಷ ಓದಿದವರ ಫೋಟೋವೂ, ಕೊನೆಯ ತಿಂಗಳು ಪರೀಕ್ಷೆ ಮಾತ್ರ ಬರೆದವರ ಫೋಟೋವೂ ಬ್ಯಾನರ್‌ನಲ್ಲಿ ಒಂದೇ ರೀತಿ ಕಾಣುತ್ತವೆ.

ಆದ್ದರಿಂದ ಹೆತ್ತವರು ಸಂಕೋಚಪಡದೆ ಕೇಳಬೇಕು. ಕಳೆದ ವರ್ಷ ಒಟ್ಟು ಎಷ್ಟು ಮಕ್ಕಳು ಓದಿದರು, ಅವರಲ್ಲಿ ಎಷ್ಟು ಜನರಿಗೆ ಸರ್ಕಾರಿ ಸೀಟು ಸಿಕ್ಕಿತು? ಒಂದು ತರಗತಿಯಲ್ಲಿ ಎಷ್ಟು ಮಕ್ಕಳು? ನಮ್ಮ ಮಗುವಿಗೆ ಪಾಠ ಮಾಡುವವರು ಯಾರು, ವರ್ಷದ ನಡುವೆ ಬದಲಾಗುತ್ತಾರೆಯೇ? ಹಣ ಮರಳಿಸುವ ನಿಯಮ ಬರಹದಲ್ಲಿದೆಯೇ? ಕಂತಿನಲ್ಲಿ ಕಟ್ಟಬಹುದೇ? ರಸೀದಿ ಕೊಡದ ಕಡೆ ಹಣ ಕೊಡಬೇಡಿ. "ಇವತ್ತೇ ಸೇರಿದರೆ ರಿಯಾಯಿತಿ" ಎಂದರೆ ಒಂದು ದಿನ ತಡೆದು ಯೋಚಿಸಿ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಇನ್ನೊಂದು ಮಾತು. ಜಾಹೀರಾತಿನ ಅಂಕಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಬೇಡಿ. 2024ರಲ್ಲಿ ಹಲವರಿಗೆ 720ಕ್ಕೆ 720 ಬಂದಿತ್ತು. 2025ರಲ್ಲಿ ದೇಶಕ್ಕೇ ಮೊದಲಿಗರಾದವರಿಗೆ 686. ನೋಡಬೇಕಾದದ್ದು ಅಂಕವನ್ನಲ್ಲ, ರ‍್ಯಾಂಕನ್ನು.

ಕಾಗದಪತ್ರಗಳೂ ತಯಾರಿಯ ಭಾಗ

ಸರ್ಕಾರಿ ಕಾಲೇಜುಗಳ ಸೀಟಿನಲ್ಲಿ ಶೇ. 15 ಅಖಿಲ ಭಾರತ ಕೋಟಾ, ಉಳಿದ ಶೇ. 85 ರಾಜ್ಯದ್ದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ರಾಜ್ಯದ ಸೀಟಿನಲ್ಲಿ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ನಂಜನಗೂಡು, ಟಿ. ನರಸೀಪುರ ಪಟ್ಟಣದ ಶಾಲೆಗಳು ಗ್ರಾಮೀಣವಲ್ಲ. ಸುತ್ತಲಿನ ಹಳ್ಳಿಯ ಶಾಲೆಗಳಲ್ಲಿ ಹತ್ತೂ ವರ್ಷ ಓದಿದ ಮಕ್ಕಳಿಗೆ ಇದು ದೊಡ್ಡ ಆಸರೆ. ಪ್ರಮಾಣಪತ್ರ ಸಕಾಲದಲ್ಲಿ ಇಲ್ಲದೆ ಈ ಹಕ್ಕನ್ನು ಕಳೆದುಕೊಳ್ಳಬಾರದು. ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಮಗು ಸಿಇಟಿಯನ್ನೂ ಬರೆಯಲಿ. ಅದರಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲ, ಕೃಷಿ, ಪಶುವೈದ್ಯಕೀಯ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್ ಕೋರ್ಸುಗಳ ದಾರಿ ಅದರಿಂದ ತೆರೆದಿರುತ್ತದೆ.

ಚರ್ಚ್ ಕಾರ್ಯಕರ್ತರು ಮಾಡಬಹುದಾದದ್ದು

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಚರ್ಚ್ ಸಭಾಂಗಣದಲ್ಲಿ ಎರಡು ಮೇಜು, ಒಳ್ಳೆಯ ದೀಪ, ಹತ್ತು ಎನ್‌ಸಿಇಆರ್‌ಟಿ ಪುಸ್ತಕಗಳ ಒಂದು ಕಟ್ಟು, ಇಂಟರ್‌ನೆಟ್ ಇರುವ ಒಂದು ಕಂಪ್ಯೂಟರ್ ಇಟ್ಟರೆ ಸಂಜೆ ಓದಲು ಜಾಗವಿಲ್ಲದ ಯಾವುದೇ ಧರ್ಮದ ಮಗುವಿಗೂ ಅದು ಆಸರೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ 2ರಿಂದ 5ರ ವರೆಗೆ ಹಳೆಯ ಪತ್ರಿಕೆಯನ್ನು ಪರೀಕ್ಷೆಯಂತೆಯೇ ಬರೆಸಬಹುದು. ಊರಿನ ನಿವೃತ್ತ ಉಪನ್ಯಾಸಕರೊಬ್ಬರು ತಪ್ಪುಗಳನ್ನು ವಿವರಿಸಿಕೊಟ್ಟರೆ ಅದೇ ಒಂದು ಕೋಚಿಂಗ್.

ಕೊನೆಯದಾಗಿ, ದ್ವಿತೀಯ ಪಿಯುಸಿಯ ವರ್ಷವೇ ಸೀಟು ಸಿಗದಿದ್ದರೆ ಮನೆಯಲ್ಲಿ ಅಳು ಬೇಡ. ನೀಟ್ ಅನ್ನು ಮತ್ತೆ ಬರೆಯಬಹುದು. ಮತ್ತೆ ಬರೆಯಬೇಕೇ, ಬೇರೆ ಕೋರ್ಸು ಹಿಡಿಯಬೇಕೇ ಎಂಬುದನ್ನು ಮಗುವಿನ ಜತೆ ಕುಳಿತು ತೀರ್ಮಾನಿಸಿ. ಅಡವಿಟ್ಟ ಒಡವೆಯನ್ನು ಮತ್ತೆ ಬಿಡಿಸಿಕೊಳ್ಳಬಹುದು. ಮಗುವಿನ ಮನಸ್ಸು ಒಡೆದರೆ ಕೂಡಿಸುವುದು ಕಷ್ಟ. ಮೊದಲು ಪುಸ್ತಕ, ನಂತರ ಮನೆಯಲ್ಲೊಂದು ಪರೀಕ್ಷೆ, ಆಮೇಲೆ ಪ್ರಶ್ನೆಗಳು, ಎಲ್ಲಕ್ಕಿಂತ ಕೊನೆಗೆ ಹಣ. ಈ ಕ್ರಮವನ್ನು ನಮ್ಮ ಹೆತ್ತವರು ಪಾಲಿಸಲಿ ಎಂಬುದೇ ನಮ್ಮ ಆಶಯ.