ಸ್ತನ ಪುನಾರಚನೆಯ ನಂತರ ಹಿತವಾದ ಒಳ ಉಡುಪು

ಕ್ಯಾನ್ಸರಿನ ನಿಮಿತ್ತ ಸ್ತನವನ್ನು ತೆಗೆಸಿಕೊಂಡು, ಅದರ ಸ್ಥಾನದಲ್ಲಿ ಹೊಸ ಸ್ತನವನ್ನು ರೂಪಿಸುವ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡು ಊರಿಗೆ ಮರಳಿದ ಸ್ತ್ರೀಯ ಮುಂದೆ ಔಷಧ, ಪಥ್ಯ, ಮರುತಪಾಸಣೆಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ. ರವಿಕೆಯ ಒಳಗೆ ಏನನ್ನು ತೊಡಬೇಕು ಎಂಬುದೇ ಆ ಪ್ರಶ್ನೆ. ಇದನ್ನು ವೈದ್ಯರಲ್ಲಿ ಕೇಳಲು ಸಂಕೋಚ, ಅತ್ತೆ ನಾದಿನಿಯರಲ್ಲಿ ಕೇಳಲು ಸಂಕೋಚ, ಅಂಗಡಿಯಲ್ಲಿ ಕೇಳಲಂತೂ ಇನ್ನೂ ಸಂಕೋಚ. ಹೀಗಾಗಿ ಕೆಲವರು ಪೆಟ್ಟಿಗೆಯಲ್ಲಿದ್ದ ಹಳೆಯ ಬ್ರಾವನ್ನೇ ಬಿಗಿದುಕೊಳ್ಳುತ್ತಾರೆ. ಕೆಲವರು ಏನನ್ನೂ ತೊಡದೆ, ಸೆರಗನ್ನು ಮೈತುಂಬ ಹೊದ್ದು, ಸಂತೆಗೂ ಮದುವೆ ಮುಂಜಿಗಳಿಗೂ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಇವೆರಡೂ ಸರಿಯಲ್ಲ.

ಈ ವಿಷಯವು ಪತ್ನಿಗೆ ಎಷ್ಟು ಸಂಬಂಧಿಸಿದ್ದೋ ಪತಿಗೂ ಅಷ್ಟೇ ಸಂಬಂಧಿಸಿದ್ದು. ಅದರ ಕಾರಣ ಮುಂದೆ ತಿಳಿಯುತ್ತದೆ.

ಹೊಸ ಸ್ತನವನ್ನು ಯಾವುದರಿಂದ ಮಾಡುತ್ತಾರೆ?

ಒಳ ಉಡುಪನ್ನು ಆರಿಸುವ ಮೊದಲು ತಮಗೆ ಯಾವ ಬಗೆಯ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ದಂಪತಿಗಳಿಬ್ಬರೂ ತಿಳಿದಿರಬೇಕು. ಮೂರು ಬಗೆಗಳು ಸಾಮಾನ್ಯವಾಗಿವೆ. ಬೆನ್ನಿನ ಮೇಲ್ಭಾಗದ ಸ್ನಾಯು ಮತ್ತು ಚರ್ಮವನ್ನು ಕಂಕುಳಿನ ಕೆಳಗಿನಿಂದ ಎದೆಗೆ ತರುವುದು ಮೊದಲನೆಯದು. ಇದನ್ನು ಇಟಲಿಯ ಶಸ್ತ್ರವೈದ್ಯ ತಾನ್ಸಿನಿ 1906ರಲ್ಲಿಯೇ ವಿವರಿಸಿದ್ದನು. ಸಿಲಿಕೋನ್ ತುಂಬಿದ ಚೀಲವನ್ನು ಎದೆಯೊಳಗೆ ಇರಿಸುವುದು ಎರಡನೆಯದು. ಇದು ಮೊದಲು ನಡೆದದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಕೆಳಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ಎದೆಗೆ ಸಾಗಿಸುವುದು ಮೂರನೆಯದು. ಅಮೆರಿಕದ ವೈದ್ಯ ಹಾರ್ಟ್‌ರ್ಯಾಂಪ್ ಮತ್ತು ಸಂಗಡಿಗರು 1982ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಬಳಿಕ ಇದು ಎಲ್ಲೆಡೆ ಪ್ರಚಾರಕ್ಕೆ ಬಂದಿತು.

ನಮ್ಮ ರಾಜ್ಯದ ಕ್ಯಾನ್ಸರ್ ರೋಗಿಗಳಿಗೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಹೆಸರು ಪರಿಚಿತವೇ. ಶಿಕಾರಿಪುರ ಸೊರಬಗಳ ನಡುವಣ ಶಿರಾಳಕೊಪ್ಪದಿಂದ ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಬ್ರಾ ಬಿಗಿಯಾಯಿತೆಂದು ಕೇಳಲು ಯಾರೂ ಅಷ್ಟು ದೂರದ ಬಸ್ಸು ಹತ್ತುವುದಿಲ್ಲ. ಆದುದರಿಂದ ಮನೆಯಲ್ಲಿಯೇ ತಿಳಿದು ನಡೆಯಬೇಕಾದ ಸಂಗತಿಗಳು ಹೆಚ್ಚು.

ನೋವಿಲ್ಲವೆಂದರೆ ಸರಿಯಾಗಿದೆ ಎಂದಲ್ಲ

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು: ಹೊಸ ಸ್ತನದ ಚರ್ಮಕ್ಕೆ ಸ್ಪರ್ಶಜ್ಞಾನವು ಇರುವುದಿಲ್ಲ, ಅಥವಾ ಬಹಳ ಕಡಿಮೆ ಇರುತ್ತದೆ. ಸ್ತನವನ್ನು ತೆಗೆಯುವಾಗ ಆ ಭಾಗದ ಸೂಕ್ಷ್ಮ ನರಗಳೂ ಕತ್ತರಿಸಿಹೋಗುವುದೇ ಇದಕ್ಕೆ ಕಾರಣ. ಕೆಲವರಿಗೆ ವರ್ಷಗಳು ಕಳೆದಂತೆ ಸ್ವಲ್ಪ ಅರಿವು ಮರಳುತ್ತದೆ. ಕೆಲವರಿಗೆ ಮರಳುವುದೇ ಇಲ್ಲ.

ಕಾಲಿಗೆ ಹೊಸ ಚಪ್ಪಲಿ ಕಚ್ಚಿದರೆ ನಾಲ್ಕು ಹೆಜ್ಜೆಯಲ್ಲಿಯೇ ತಿಳಿಯುತ್ತದೆ, ಕಳಚಿ ಕೈಯಲ್ಲಿ ಹಿಡಿಯುತ್ತೇವೆ. ಹೊಸ ಸ್ತನಕ್ಕೆ ಹೀಗೆ ದೂರು ಹೇಳುವ ಶಕ್ತಿಯಿಲ್ಲ. ಬ್ರಾದ ಕೆಳಪಟ್ಟಿ ಒತ್ತಿದರೂ, ತಂತಿಯ ತುದಿ ಚುಚ್ಚಿದರೂ, ಹೊಲಿಗೆಯ ಅಂಚು ಉಜ್ಜಿ ಚರ್ಮ ಕಿತ್ತುಬಂದರೂ ತೊಟ್ಟವಳಿಗೆ ಗೊತ್ತಾಗದೆ ಇಡೀ ದಿನ ಕಳೆದುಹೋಗಬಹುದು. ಸಂಜೆ ಬಟ್ಟೆ ಕಳಚಿದಾಗ ಒಳಗೆ ತೇವ ಕಂಡ ಮೇಲೆಯೇ ಗಾಯವಾಗಿರುವುದು ತಿಳಿದೀತು. ಸಿಲಿಕೋನ್ ಚೀಲವಿದ್ದವರಿಗೆ ಇಂತಹ ಸಣ್ಣ ಗಾಯವೂ ಅಪಾಯಕರ. ಗಾಯದ ಮೂಲಕ ಸೋಂಕು ಒಳಹೊಕ್ಕರೆ ಚೀಲವನ್ನೇ ತೆಗೆಯಬೇಕಾಗಿ ಬರುವುದುಂಟು.

ಮಲೆನಾಡಿನ ಬಚ್ಚಲಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಹಂಡೆಯ ಸುಡುನೀರನ್ನು ನೇರವಾಗಿ ಎದೆಗೆ ಹೊಯ್ದುಕೊಳ್ಳುವುದು, ಚಳಿಗೆಂದು ಒಲೆಯ ಮುಂದೆ ಎದೆಯೊಡ್ಡಿ ಕೂರುವುದು, ನೋವಿಗೆಂದು ಬಿಸಿನೀರಿನ ಚೀಲದಿಂದ ಶಾಖ ಕೊಡುವುದು, ಇವುಗಳಿಂದ ಅರಿವಿಲ್ಲದೆ ಬೊಬ್ಬೆ ಎದ್ದ ಪ್ರಸಂಗಗಳನ್ನು ವೈದ್ಯರು ಕಂಡಿದ್ದಾರೆ. ನೀರನ್ನು ಮೊದಲು ಬೇರೆ ಕಡೆಯ ಚರ್ಮದ ಮೇಲೆ, ಮುಂಗೈಯಲ್ಲಿ ಆದರೆ ಒಳ್ಳೆಯದು, ಪರೀಕ್ಷಿಸಿ ನಂತರ ಮೀಯಬೇಕು.

ಆದುದರಿಂದ ಚರ್ಮವು ಮಾಡಬೇಕಾದ ಕೆಲಸವನ್ನು ಕಣ್ಣು ಮಾಡಬೇಕಾಗುತ್ತದೆ. ಹೊಸ ಬ್ರಾವನ್ನು ಮೊದಲ ದಿನ ಅರ್ಧ ಗಂಟೆ ಮಾತ್ರ ತೊಟ್ಟು ಕಳಚಿ ನೋಡಬೇಕು. ಪಟ್ಟಿಯ ಗುರುತು ತುಸು ಮೂಡಿ ಕೆಲವೇ ನಿಮಿಷಗಳಲ್ಲಿ ಮಾಯವಾದರೆ ಚಿಂತೆಯಿಲ್ಲ. ಅರ್ಧ ಗಂಟೆಯಾದರೂ ಗುರುತು ಕೆಂಪಾಗಿಯೇ ಉಳಿದರೆ ಆ ಬ್ರಾ ಬೇಡ. ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಎದ್ದು ಕಾಣದು. ಆಗ ಕೈಬೆರಳಿನಿಂದ ಮುಟ್ಟಿ, ಆ ಭಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಡುಸಾಗಿದೆಯೇ ಎಂದು ನೋಡಬೇಕು. ಸ್ತನದ ಕೆಳಮಡಿಕೆ, ಕಂಕುಳಿನ ಹಿಂಭಾಗ, ಬೆನ್ನಿನ ಗಾಯದ ಗೆರೆ, ಈ ಮೂರು ಸ್ಥಳಗಳು ತನಗೆ ತಾನೇ ಕಾಣುವಂಥವಲ್ಲ. ಗೋಡೆಯ ಕನ್ನಡಿಯೂ ಅಷ್ಟಾಗಿ ನೆರವಾಗದು.

ಪತಿಯ ಪಾತ್ರ ಬರುವುದು ಇಲ್ಲಿಯೇ. ರಾತ್ರಿ ಮಲಗುವ ಮುನ್ನ ಒಳ್ಳೆಯ ಬೆಳಕಿನಲ್ಲಿ ಎರಡು ನಿಮಿಷ ನೋಡಿ ಹೇಳುವುದು ಅವನಿಂದ ಆಗುವ ಕೆಲಸ, ಆಗಬೇಕಾದ ಕೆಲಸವೂ ಹೌದು. ಗಾಯದ ಗುರುತುಗಳನ್ನು ಪತಿ ನೋಡಿಯಾನೆಂದು ಪತ್ನಿ ಅಂಜುವುದು, ನೋಡಿದರೆ ಅವಳು ನೊಂದಾಳೆಂದು ಪತಿ ಮುಖ ತಿರುಗಿಸುವುದು, ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲೆಂದೇ ದೂರವಾಗುವುದುಂಟು. ಮೊದಲ ಸಲ ಕಷ್ಟವೆನಿಸಬಹುದು. ಹತ್ತನೆಯ ಸಲ ಅದು ಬೆನ್ನುಜ್ಜಿ ಕೊಡುವಷ್ಟೇ ಸಹಜವಾಗುತ್ತದೆ. ಗಾಯಗಳು ಮಾಯ್ದ ಮೇಲೆ ದಾಂಪತ್ಯ ಜೀವನಕ್ಕೆ ಹೊಸ ಸ್ತನದಿಂದ ಯಾವ ಅಡ್ಡಿಯೂ ಇಲ್ಲ. ಕ್ಯಾನ್ಸರ್ ಸ್ಪರ್ಶದಿಂದ ಹರಡುವ ರೋಗವೂ ಅಲ್ಲ.

ಮೊದಲ ವಾರಗಳಲ್ಲಿ

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿಯಲ್ಲಿ ಬ್ರಾದ ವಿಷಯ ಬರೆದಿದೆಯೇ ಎಂದು ಅಲ್ಲಿಯೇ ಓದಿ ನೋಡಬೇಕು, ಇಲ್ಲವಾದರೆ ಕೇಳಿ ಬರೆಸಿಕೊಳ್ಳಬೇಕು. ಏಕೆಂದರೆ ಸೂಚನೆಯು ಎಲ್ಲರಿಗೂ ಒಂದೇ ಅಲ್ಲ. ಸಿಲಿಕೋನ್ ಚೀಲವಿರಿಸಿದವರಿಗೆ ಹಗಲಿರುಳೂ ಮೃದುವಾದ ಆಧಾರದ ಬ್ರಾ ತೊಡಲು ಹೇಳುವ ವೈದ್ಯರುಂಟು. ಮೈಯ ಮಾಂಸದಿಂದಲೇ ಸ್ತನ ರೂಪಿಸಿದಾಗ, ರಕ್ತನಾಳಗಳ ಮೇಲೆ ಒತ್ತಡ ಬೀಳದಿರಲೆಂದು ಕೆಲಕಾಲ ಏನನ್ನೂ ತೊಡಬಾರದೆನ್ನುವವರೂ ಉಂಟು. ನೆರೆಮನೆಯವಳಿಗೆ ಹೇಳಿದ್ದನ್ನು ನೀವು ಅನುಸರಿಸಲಾಗದು.

ಅನುಮತಿ ದೊರೆತ ಮೇಲೆ, ಮುಂಭಾಗದಲ್ಲಿ ಕೊಕ್ಕೆಯಿರುವ, ಹತ್ತಿಬಟ್ಟೆಯ, ತಂತಿಯಿಲ್ಲದ ಬ್ರಾ ಉತ್ತಮ. ಕೈಯನ್ನು ಬೆನ್ನ ಹಿಂದಕ್ಕೆ ತಿರುಗಿಸುವುದಾಗಲಿ ತಲೆಯ ಮೇಲಕ್ಕೆ ಎತ್ತುವುದಾಗಲಿ ಈ ದಿನಗಳಲ್ಲಿ ಕಷ್ಟ. ತಂತಿಯುಳ್ಳ ಬ್ರಾವನ್ನು ಕನಿಷ್ಠ ಆರು ವಾರ ಮುಟ್ಟಬಾರದು; ಮೂರು ತಿಂಗಳು ಬಿಡುವಂತೆ ಹೇಳುವವರೂ ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅರಿವಿಲ್ಲದ ಎದೆಗೆ ತಂತಿ ಎಂದೆಂದಿಗೂ ಬೇಡ. ರವಿಕೆಯ ಮೇಲೆ ಸೆರಗಿರುವ ನಮ್ಮ ಉಡುಗೆಯಲ್ಲಿ ಅದರ ಅಗತ್ಯವೂ ಕಾಣದು.

ವಿಕಿರಣ ಚಿಕಿತ್ಸೆ, ಅಂದರೆ ಹಳ್ಳಿಯ ಮಾತಿನಲ್ಲಿ ಕರೆಂಟು ಕೊಡಿಸಿಕೊಳ್ಳುತ್ತಿರುವವರ ಚರ್ಮವು ಬಿಸಿಲಿಗೆ ಸುಟ್ಟಂತಾಗಿರುತ್ತದೆ. ಆ ವಾರಗಳಲ್ಲಿ ಹಳೆಯ, ತೊಳೆದು ತೊಳೆದು ಮೆದುವಾದ ಸಡಿಲ ಹತ್ತಿಬಟ್ಟೆಯೇ ಸಾಕು.

ಬೆನ್ನಿನ ಗಾಯ, ಹೊಟ್ಟೆಯ ಗಾಯ

ಬೆನ್ನಿನಿಂದ ಮಾಂಸವನ್ನು ತೆಗೆದವರಿಗೆ ಗಾಯದ ಗೆರೆಯು ಬಹುಮಟ್ಟಿಗೆ ಬ್ರಾದ ಪಟ್ಟಿ ಹಾಯುವಲ್ಲಿಯೇ ಇರುತ್ತದೆ. ಹೊಸ ಸ್ತನಕ್ಕೆ ರಕ್ತ ಒದಗಿಸುವ ನಾಳವು ಕಂಕುಳಿನ ಮೂಲಕ ಬರುವುದರಿಂದ ಅಲ್ಲಿ ಬಿಗಿಯಾದ ಎಲಾಸ್ಟಿಕ್ ಇರಕೂಡದು. ಅಗಲವಾದ ಪಟ್ಟಿಯ ಬ್ರಾ ಕೊಂಡು, ಗಾಯದ ಮೇಲೆ ಬರುವಷ್ಟು ಭಾಗಕ್ಕೆ ಹಳೆಯ ಪಂಚೆಯ ಎರಡು ಪದರವನ್ನು ಒಳಗಿನಿಂದ ಹೊಲಿದರೆ ಉಜ್ಜುವುದು ನಿಲ್ಲುತ್ತದೆ.

ಹೊಟ್ಟೆಯಿಂದ ತೆಗೆದವರಲ್ಲಿ ತೊಂದರೆಯು ಬ್ರಾದಿಂದ ಮಾತ್ರ ಬರುವುದಿಲ್ಲ, ಲಂಗದ ಲಾಡಿಯಿಂದಲೂ ಬರುತ್ತದೆ. ಗಾಯವು ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಅಡ್ಡಲಾಗಿರುತ್ತದೆ. ಸೀರೆ ಜಾರದಿರಲೆಂದು ಲಾಡಿಯನ್ನು ಅಲ್ಲಿಯೇ ಬಿಗಿದು ಗಂಟು ಹಾಕಿದರೆ ಗಾಯ ಮಾಯುವುದು ತಡವಾಗುತ್ತದೆ. ಲಾಡಿಯ ಬದಲು ನಾಲ್ಕು ಬೆರಳು ಅಗಲದ ಬಟ್ಟೆಪಟ್ಟಿಯ ಲಂಗವನ್ನು ಹೊಲಿಸಿ ಗಾಯಕ್ಕಿಂತ ಮೇಲೆ ಕಟ್ಟಬೇಕು. ಕೊಡ ಹೊರುವುದು, ಹುಲ್ಲಿನ ಹೊರೆ ಎತ್ತುವುದು ಮುಂತಾದವು ವೈದ್ಯರು ಹೇಳುವವರೆಗೆ ಬೇಡ. ಈ ಕೆಲಸಗಳನ್ನು ಅಷ್ಟು ದಿನ ಯಾರು ಮಾಡಬೇಕೆಂಬುದನ್ನು ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲೇ ಮನೆಯಲ್ಲಿ ಗೊತ್ತುಮಾಡಿಕೊಳ್ಳುವುದು ಒಳಿತು.

ಕೊಳ್ಳುವಾಗ

ಬಾವು ಇಳಿದು ಸ್ತನದ ಆಕಾರ ನಿಲ್ಲಲು ಮೂರರಿಂದ ಆರು ತಿಂಗಳು ಬೇಕು. ಆವರೆಗೆ ದುಬಾರಿ ಬ್ರಾ ಕೊಳ್ಳುವುದು ಹಣದ ವ್ಯಯ. ಆಮೇಲೆ ಕೊಳ್ಳುವಾಗಲೂ ಹಿಂದಿನ ಅಂಕಿಯನ್ನೇ ಹೇಳಿ ತರಬಾರದು. ಹಳ್ಳಿಯಿಂದ ಶಿರಾಳಕೊಪ್ಪದ ಸಂತೆಗೆ ಹೊರಟ ಪತಿಗೆ ‘ಮೂವತ್ತನಾಲ್ಕು’ ಎಂದಷ್ಟೇ ಹೇಳಿ ಕಳುಹಿಸಿದರೆ ಅವನು ತರುವುದು ಹಳೆಯ ಮೈಗೆ ಹೊಂದುವ ಬ್ರಾ.

ಮನೆಯಲ್ಲಿಯೇ ಟೇಪು ಹಿಡಿದು ಸ್ತನದ ಕೆಳಗಿನ ಸುತ್ತಳತೆ, ಸ್ತನದ ಅತಿ ಎತ್ತರದ ಮೇಲಿನ ಸುತ್ತಳತೆ, ಎರಡನ್ನೂ ಬರೆದುಕೊಳ್ಳಿರಿ. ಎರಡು ಸ್ತನಗಳು ಸಮವಾಗಿರದಿದ್ದರೆ ದೊಡ್ಡದಕ್ಕೆ ಹೊಂದುವ ಬಟ್ಟಲಿನ ಬ್ರಾವನ್ನೇ ಆರಿಸಿ, ಚಿಕ್ಕದರ ಕಡೆ ಉಳಿದ ಜಾಗಕ್ಕೆ ಮೆದುಬಟ್ಟೆಯ ತೆಳುವಾದ ಮಡಿಕೆಯನ್ನು ಇರಿಸಬಹುದು. ಚಿಕ್ಕದರ ಅಳತೆಗೆ ಕೊಂಡು ದೊಡ್ಡದನ್ನು ಅದರೊಳಗೆ ಅದುಮುವುದು ತಪ್ಪು. ಹೆಂಗಸರು ವ್ಯಾಪಾರ ಮಾಡುವ ಅಂಗಡಿ ದೊರೆತರೆ ಮಾತು ಸುಲಭ. ತೊಟ್ಟು ನೋಡಲು ಅಂಗಡಿಯಲ್ಲಿ ಸ್ಥಳವಿಲ್ಲದಿದ್ದರೆ, ಹೊಂದದಿದ್ದಲ್ಲಿ ಮರಳಿ ಕೊಡುವ ಮಾತನ್ನು ಮೊದಲೇ ಆಡಿಕೊಳ್ಳಬೇಕು. ಮನೆಯಲ್ಲಿ ತೆಳುವಾದ ಬನಿಯನ್ನಿನ ಮೇಲೆ ತೊಟ್ಟು ನೋಡಿದರೆ ಬಟ್ಟೆ ಮಾಸದು.

ತೊಟ್ಟಮೇಲೆ ಕೆಳಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಸೇರಬೇಕು. ಕೂತು, ಬಾಗಿ, ಕೈಯೆತ್ತಿ ನೋಡಬೇಕು. ನಿಂತಾಗ ಸರಿಯಾಗಿದ್ದ ಬ್ರಾ ನಾಟಿಗೆ ಬಾಗಿದಾಗ, ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತಾಗ ಒತ್ತಬಹುದು. ಬಿಗಿಯೆನಿಸಿದರೆ ಬ್ರಾವನ್ನು ಬಿಸಾಡಬೇಕಿಲ್ಲ. ಹಳೆಯ ಬ್ರಾದ ಕೊಕ್ಕೆ ಮತ್ತು ಉಂಗುರದ ತುಂಡನ್ನು ಕತ್ತರಿಸಿ ನಡುವೆ ಜೋಡಿಸಿದರೆ ಎರಡು ಅಂಗುಲ ಸಡಿಲವಾಗುತ್ತದೆ.

ಭುಜದ ಪಟ್ಟಿ ಅಗಲವಾಗಿರಬೇಕು. ಕಂಕುಳಿನ ಗ್ರಂಥಿಗಳನ್ನು ತೆಗೆದವರಿಗೆ ಆ ಕಡೆಯ ತೋಳು ಬಾವು ಬರುವ ಸಂಭವ ಬಹುಕಾಲ ಇರುವುದರಿಂದ, ಕಿರಿದಾದ ಪಟ್ಟಿ ಭುಜವನ್ನು ಕೊರೆಯುವಂತಿರಬಾರದು. ಇದೇ ಕಾರಣಕ್ಕೆ ರವಿಕೆಯ ತೋಳನ್ನೂ ನೋಡಿಕೊಳ್ಳಬೇಕು. ನಮ್ಮ ಕಡೆಯ ರವಿಕೆಗಳ ತೋಳು ರಟ್ಟೆಗೆ ಅಂಟಿದಂತೆ ಬಿಗಿಯಾಗಿರುತ್ತದೆ. ಆ ಬದಿಯ ತೋಳಿನ ಹೊಲಿಗೆಯನ್ನು ಬಿಚ್ಚಿ ಸಡಿಲಿಸುವಂತೆ ದರ್ಜಿಗೆ ಹೇಳಿದರೆ ಐದು ನಿಮಿಷದ ಕೆಲಸ. ಬಿಗಿಬಳೆಗಳನ್ನು ಇನ್ನೊಂದು ಕೈಗೆ ತೊಡಬಹುದು.

ಪುನಾರಚನೆ ಮಾಡಿಸಿಕೊಳ್ಳದವರು

ಸ್ತನ ತೆಗೆಸಿಕೊಂಡವರಲ್ಲಿ ಪುನಾರಚನೆ ಮಾಡಿಸಿಕೊಳ್ಳುವವರು ನಮ್ಮ ನಾಡಿನಲ್ಲಿ ಇಂದಿಗೂ ಕೆಲವರೇ. ಮಾಡಿಸಿಕೊಳ್ಳದಿರುವುದು ಕೊರತೆಯೇನಲ್ಲ. ಅಂಥವರು ಬ್ರಾದ ಒಳಗಡೆ ತೆಳುಬಟ್ಟೆಯ ಜೇಬೊಂದನ್ನು ಹೊಲಿದು, ಅದರಲ್ಲಿ ಸಿಲಿಕೋನಿನ ಕೃತಕ ಸ್ತನವನ್ನೋ ಹತ್ತಿನೂಲಿನಿಂದ ಹೆಣೆದು ಒಳಗೆ ಹಗುರವಾದ ನಾರು ತುಂಬಿದ ಸ್ತನವನ್ನೋ ಇಡಬಹುದು. ಹೆಣೆದದ್ದು ಹಗುರ, ಬೆವರು ಹೀರುತ್ತದೆ, ತೊಳೆಯಬಹುದು; ಕ್ರೋಶಾ ಬಲ್ಲ ತಂಗಿಯೋ ಮಗಳೋ ಮನೆಯಲ್ಲಿದ್ದರೆ ಹೆಣೆಯುವುದು ಕಷ್ಟವಲ್ಲ. ಅಕ್ಕಿ ರಾಗಿಗಳನ್ನು ತುಂಬಿದ ಚೀಲಗಳು ಮಳೆಗಾಲದಲ್ಲಿ ಹುಳು ಹಿಡಿಯುವುದರಿಂದ ಬೇಡ.

ಪುನಾರಚನೆ ಬೇಕೆನ್ನುವವರು ಅದನ್ನು ಸ್ತನ ತೆಗೆಯುವಾಗಲೇ ಮಾಡಿಸಬಹುದು, ತಿಂಗಳು ವರ್ಷಗಳ ನಂತರವೂ ಮಾಡಿಸಬಹುದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮಗೆ ಏನೇನು ದೊರೆಯುತ್ತದೆ ಎಂಬುದನ್ನು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು.

ಮಳೆಗಾಲದಲ್ಲಿ

ಜೂನ್ ತಿಂಗಳಿಂದ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ. ಅರೆ ಒಣಗಿದ ಬ್ರಾ ತೊಟ್ಟರೆ ಸ್ತನದ ಕೆಳಮಡಿಕೆಯಲ್ಲಿ ಬೂಷ್ಟು ಹಿಡಿದು ಚರ್ಮ ಬಿರಿಯುತ್ತದೆ. ಅರಿವಿರುವ ಕಡೆಯಾದರೆ ತುರಿಕೆಯಿಂದ ತಿಳಿಯುತ್ತಿತ್ತು. ಇಲ್ಲಿ ಅದೂ ತಿಳಿಯದು. ಮೂರು ಬ್ರಾಗಳಿರಲಿ: ಒಂದು ಮೈಮೇಲೆ, ಒಂದು ಒಣಗಲು, ಒಂದು ಸಿದ್ಧವಾಗಿ. ಸಾಬೂನು ಉಳಿಯದಂತೆ ಜಾಲಿಸಿ, ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ್ದನ್ನು ಪೂರ್ತಿ ಆರಿದ ಮೇಲೆಯೇ ತೊಡಬೇಕು. ಮಿಂದ ನಂತರ ಮಡಿಕೆಯನ್ನು ಉಜ್ಜದೆ, ಮೆದುಬಟ್ಟೆಯಿಂದ ಒತ್ತಿ ಒರೆಸಬೇಕು.

ಸ್ತನವು ಕೆಂಪಾಗಿ ಬಿಸಿಯಾದರೆ, ಒಮ್ಮೆಲೇ ಊದಿದರೆ, ಗಾಯದಿಂದ ನೀರು ಅಥವಾ ಕೀವು ಸೋರಿದರೆ, ಜ್ವರ ಬಂದರೆ, ಗಂಟು ಕೈಗೆ ಸಿಕ್ಕರೆ, ತೋಳು ದಪ್ಪವಾಗತೊಡಗಿದರೆ ಬ್ರಾ ಬದಲಿಸಿ ಕಾಯುತ್ತ ಕೂರಬಾರದು. ಅದೇ ದಿನ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ತೋರಿಸಬೇಕು. ಸಿಲಿಕೋನ್ ಚೀಲವಿದ್ದವರು ಎಷ್ಟು ವರ್ಷಗಳ ನಂತರ ಊತ ಕಾಣಿಸಿದರೂ ಹೀಗೆಯೇ ಮಾಡಬೇಕು. ಆ ಚೀಟಿಯನ್ನು ಪಡಿತರ ಚೀಟಿಯ ಜೊತೆಗೆ, ಇಬ್ಬರಿಗೂ ಗೊತ್ತಿರುವ ಸ್ಥಳದಲ್ಲಿ ಇಡಿರಿ.