ಹಳೇ ಆರ್‌ಎಕ್ಸ್ 100: ಓಡುವುದನ್ನು ಕೊಳ್ಳುವುದೋ, ನಿಂತದ್ದನ್ನು ರೆಡಿ ಮಾಡಿಸುವುದೋ?

1996ರಲ್ಲಿ ತಯಾರಿಕೆ ನಿಂತ ಬೈಕಿಗೆ ಇವತ್ತು ಶೋರೂಮಿನ ಹೊಸ ಬೈಕಿನ ಬೆಲೆ ಹೇಳುತ್ತಾರೆ. ಕೊಡುವವರೂ ಇದ್ದಾರೆ. ಯಮಹಾ ಆರ್‌ಎಕ್ಸ್ 100 ಯಾವುದೆಂದು ಕರ್ನಾಟಕದ ಯಾವ ಊರಿನಲ್ಲೂ ಬಿಡಿಸಿ ಹೇಳಬೇಕಾಗಿಲ್ಲ. ಸದ್ದು ಕೇಳಿಯೇ ಗುರುತು ಹಿಡಿಯುತ್ತಾರೆ. 98 ಸಿಸಿ, 11 ಅಶ್ವಶಕ್ತಿ, ನೂರು ಕಿಲೋ ಆಸುಪಾಸಿನ ತೂಕ: ಅದರ ಓಟದ ಗುಟ್ಟೆಲ್ಲ ಇಷ್ಟೇ. ಈಗ ಇಂಥ ಗಾಡಿ ಬೇಕೆನ್ನುವವರಿಗೆ ಎರಡು ದಾರಿಗಳಿವೆ. ಓಡುತ್ತಿರುವುದನ್ನು ಹೆಚ್ಚು ದುಡ್ಡು ಕೊಟ್ಟು ತರಬಹುದು, ಇಲ್ಲವೇ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿರುವುದನ್ನು ಕಡಿಮೆಗೆ ತಂದು ರೆಡಿ ಮಾಡಿಸಬಹುದು. ಎರಡನೆಯದು ಅಗ್ಗವೆಂಬ ನಂಬಿಕೆ ಬಲವಾಗಿದೆ. ಲೆಕ್ಕ ಹಾಕಿದರೆ ಬಹುಪಾಲು ಸಲ ಅದು ನಿಲ್ಲುವುದಿಲ್ಲ.

ವಂಶ ಉಳಿದಿದ್ದರೆ ಖರ್ಚು ಕಡಿಮೆ

ಜಪಾನಿನ ಕಂಪನಿಗಳು ಭಾರತೀಯ ಪಾಲುದಾರರೊಡನೆ ಇಲ್ಲಿಗೆ ಬಂದದ್ದು ಎಂಬತ್ತರ ದಶಕದಲ್ಲಿ. 1983ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆ ಯಮಹಾ ಆರ್‌ಡಿ 350ಯನ್ನು ರಾಜದೂತ್ ಹೆಸರಿನಲ್ಲಿ ತಂದಿತು. 1984ರಲ್ಲಿ ನಮ್ಮ ಪಕ್ಕದ ಹೊಸೂರಿನಿಂದ ಇಂಡ್-ಸುಜುಕಿ ಹೊರಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಆರ್‌ಎಕ್ಸ್ 100, 1986ರಲ್ಲಿ ಕವಾಸಾಕಿ ಬಜಾಜ್ ಕೆಬಿ 100 ಬಂದವು.

ಇವುಗಳಲ್ಲಿ ಯಾವುದನ್ನು ರೆಡಿ ಮಾಡಿಸಲು ಎಷ್ಟು ಖರ್ಚು ಎಂಬುದು ಆ ಬೈಕಿನ ವಂಶ ರಸ್ತೆಯಲ್ಲಿ ಉಳಿದಿದೆಯೇ ಎನ್ನುವುದರ ಮೇಲೆ ನಿಂತಿದೆ. ಸಿಡಿ 100ರ 97.2 ಸಿಸಿ ಎಂಜಿನ್ನೇ ಮುಂದೆ ಸ್ಪ್ಲೆಂಡರ್‌ಗೂ ಬಂದದ್ದರಿಂದ ಅದರ ಎಂಜಿನ್ ಸಾಮಾನಿಗೆ ಬರವಿಲ್ಲ. ಆರ್‌ಎಕ್ಸ್ 100ರ ನಂತರ ಆರ್‌ಎಕ್ಸ್ 135 ಕೆಲವು ವರ್ಷ ಓಡಿತು, ಅಭಿಮಾನಿಗಳೂ ಬಿಡಲಿಲ್ಲ. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಬಹುತೇಕ ಸಾಮಾನು ಸಿಗುತ್ತದೆ. ರಾಜದೂತ್ 350ರ ಕಥೆಯೇ ಬೇರೆ. 347 ಸಿಸಿಯ ಜೋಡಿ ಸಿಲಿಂಡರ್, ನಾಲ್ಕು ಬೇರಿಂಗ್‌ಗಳ ಮೇಲೆ ಕೂತ ಕ್ರ್ಯಾಂಕ್, ಆರು ಗೇರ್. ಪಿಸ್ಟನ್ ಎರಡು, ಕಾರ್ಬುರೇಟರ್ ಎರಡು, ಜೊತೆಗೆ ಸಾಮಾನು ಹೊರದೇಶದಿಂದ ತರಿಸುವ ಪಾಡು. ಅದನ್ನು ಕೈಗೆತ್ತಿಕೊಳ್ಳುವವರು ಉಳಿತಾಯದ ಮಾತು ಬಿಟ್ಟೇ ಬರಬೇಕು.

ಮೊದಲು ಕಾಗದ, ಆಮೇಲೆ ಗಾಡಿ

ಕೆಟ್ಟ ಎಂಜಿನ್ ಸರಿಯಾಗುತ್ತದೆ, ಕೆಟ್ಟ ಕಾಗದ ಸರಿಯಾಗುವ ಖಾತರಿಯಿಲ್ಲ. ಆದ್ದರಿಂದ ಗಾಡಿ ನೋಡಲು ಹೋಗುವ ಮೊದಲೇ ನಂಬರ್ ಇಸಿದುಕೊಂಡು ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಮಾಲೀಕರು ಯಾರು, ಬ್ಯಾಂಕಿನ ಸಾಲ ತೀರಿದೆಯೇ, ಎಂಜಿನ್ ಮತ್ತು ಚಾಸಿ ನಂಬರ್ ಏನು ಎಂಬುದೆಲ್ಲ ಅದರಲ್ಲಿರುತ್ತದೆ. ಚಾಸಿ ನಂಬರ್ ಹ್ಯಾಂಡಲ್ ಕೆಳಗಿನ ಕತ್ತಿನ ಮೇಲೆ ಅಚ್ಚಾಗಿರುತ್ತದೆ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಅಕ್ಷರಗಳು ಒಂದೇ ಸಾಲಿನಲ್ಲಿ ಕೂತಿಲ್ಲದಿದ್ದರೆ, ಸುತ್ತಲಿನ ಲೋಹ ಗ್ರೈಂಡ್ ಮಾಡಿದಂತೆ ತೆಳುವಾಗಿದ್ದರೆ ನಂಬರ್ ಮತ್ತೆ ಹೊಡೆದಿದ್ದಾರೆಂದೇ ಅನುಮಾನಿಸಿ, ಮಾತು ಮುಂದುವರಿಸದೆ ಹೊರಡಿ. 100ರ ಚಾಸಿಗೆ 135ರ ಎಂಜಿನ್ ಕೂರಿಸಿದ ಗಾಡಿಗಳೂ ಬಹಳ. ಆರ್‌ಸಿಯಲ್ಲಿ ಆ ಬದಲಾವಣೆ ಏರದಿದ್ದರೆ ತಕರಾರು ಕೊಂಡವರ ತಲೆಗೆ.

ಆರ್‌ಸಿಯ ಅವಧಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ದ್ವಿಚಕ್ರ ವಾಹನದ ನವೀಕರಣ ಶುಲ್ಕವನ್ನು 2,000 ರೂಪಾಯಿಗೆ ಏರಿಸಿತು. ಅದೇನೂ ಹೊರೆಯಲ್ಲ. ಹೊರೆಯಾಗುವುದು ತಡವಾದದ್ದಕ್ಕೆ ಬೀಳುವ ಹಣ: 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ದ್ವಿಚಕ್ರ ವಾಹನಕ್ಕೆ ತಿಂಗಳಿಗೆ 300 ರೂಪಾಯಿ. ನಾಲ್ಕು ವರ್ಷ ಬಿಟ್ಟ ಗಾಡಿಗೆ 14,400. ‘ಕಡಿಮೆಗೆ ಸಿಕ್ಕಿತು’ ಎಂಬ ಸಂತೋಷದಿಂದ ಇದನ್ನು ಮೊದಲೇ ಕಳೆಯಬೇಕು. ಹೊರರಾಜ್ಯದ ಗಾಡಿಯಾದರೆ ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ನಂಬರ್‌ನ ಓಡಾಟ ಬೇರೆ. ವಿಂಟೇಜ್ ನೋಂದಣಿಯ ಆಸೆಯೂ ಬೇಡ. ಅದಕ್ಕೆ 50 ವರ್ಷ ಆಗಿರಬೇಕು, ಮೊದಲ ಆರ್‌ಎಕ್ಸ್‌ಗೂ 2035ರವರೆಗೆ ಆ ಭಾಗ್ಯವಿಲ್ಲ.

ಎಂಜಿನ್‌ನಲ್ಲಿ ದುಡ್ಡು ಹೋಗುವುದು ಎಲ್ಲಿ

ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಎಂಜಿನ್‌ನ ಹೆಡ್‌ನಲ್ಲಿ ವಾಲ್ವ್, ಕ್ಯಾಮ್ ಯಾವುದೂ ಇಲ್ಲ. ಹೆಡ್ ತೆಗೆದರೆ ಪಿಸ್ಟನ್ನೇ ಕಾಣುತ್ತದೆ. ಆರ್‌ಎಕ್ಸ್ 100ರ ಮೂಲ ಬೋರ್ 50 ಮಿಲಿಮೀಟರ್. ಸವೆದಾಗ ಲೇತ್‌ನಲ್ಲಿ ಬೋರ್ ಮಾಡಿಸಿ ಕಾಲು, ಅರ್ಧ, ಮುಕ್ಕಾಲು, ಒಂದು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕುತ್ತಾ ಹೋಗುತ್ತಾರೆ. ಎಷ್ಟು ದೊಡ್ಡದೆಂಬ ಅಂಕಿ ಸಾಮಾನ್ಯವಾಗಿ ಪಿಸ್ಟನ್ ತಲೆಯ ಮೇಲೇ ಅಚ್ಚಾಗಿರುತ್ತದೆ. ಒಂದು ಮಿಲಿಮೀಟರ್ ಮುಟ್ಟಿದ್ದರೆ ಮುಂದಿನ ಸಲ ಹೊಸ ಸ್ಲೀವ್ ಹಾಕಿಸಬೇಕು.

ಬೋರ್‌ಗಿಂತ ಮುಖ್ಯವಾದದ್ದು ಕ್ರ್ಯಾಂಕ್‌ನ ಎರಡು ಬದಿಯ ಆಯಿಲ್ ಸೀಲ್. ಈ ಎಂಜಿನ್ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಕ್ರ್ಯಾಂಕ್ ಕೋಣೆಯ ಮೂಲಕವೇ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ನಿಂತರೆ ಸೀಲಿನ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಹೋಗಿ ಉರಿದು ಬಿಳಿ ಹೊಗೆ ನಿಲ್ಲದೆ ಬರುತ್ತದೆ. ಸೀಲಿನ ಬೆಲೆ ತೀರಾ ಕಡಿಮೆ. ಆದರೆ ಕೆಲಸ ಸರಿಯಾಗಿ ಆಗಬೇಕಾದರೆ ಎಂಜಿನ್ ಇಳಿಸಿ ಎರಡು ಹೋಳು ಮಾಡಬೇಕು. ಅಷ್ಟು ಬಿಚ್ಚಿದ ಮೇಲೆ ಬೇರಿಂಗ್, ಕನೆಕ್ಟಿಂಗ್ ರಾಡ್ ಕಿಟ್ ಹಾಕದೆ ಮುಚ್ಚುವುದು ದಡ್ಡತನ. ನಿಂತ ಗಾಡಿಯಲ್ಲಿ ಈ ಇಡೀ ಖರ್ಚು ಬಂದೇ ಬರುತ್ತದೆಂದು ಹಿಡಿಯಿರಿ.

ಸೈಲೆನ್ಸರ್ ಕೂಡ ಇಲ್ಲಿ ಬರೀ ಸದ್ದು ತಗ್ಗಿಸುವ ಕೊಳವೆಯಲ್ಲ. ಟೂ ಸ್ಟ್ರೋಕ್‌ನಲ್ಲಿ ಅದರ ಒಳರಚನೆಯೇ ಎಂಜಿನ್ನಿನ ಎಳೆತವನ್ನು ನಿರ್ಧರಿಸುತ್ತದೆ. ನಕಲಿ ಸೈಲೆನ್ಸರ್ ಹಾಕಿದರೆ ಸದ್ದು ಬರುತ್ತದೆ, ಓಟ ಬರುವುದಿಲ್ಲ.

ಮೈ ಮತ್ತು ಮಿರುಗು

ಅಂದಾಜು ಹಳಿ ತಪ್ಪುವುದು ಇಲ್ಲಿ. ಮಡ್‌ಗಾರ್ಡ್‌ಗೆ ಮತ್ತೆ ಕ್ರೋಮ್ ಹಾಕಿಸಬೇಕಾದರೆ ತುಕ್ಕು ತೆಗೆದು, ತಗ್ಗು ತುಂಬಿ, ಪಾಲಿಶ್ ಮಾಡಿ, ನಿಕಲ್ ಹತ್ತಿಸಿ, ಕೊನೆಗೆ ಕ್ರೋಮ್. ತೂತು ಬಿದ್ದಿದ್ದರೆ ಮೊದಲು ಟಿಂಕರಿಂಗ್. ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸುವವರು ಚಾಸಿ ನಂಬರ್ ಮೇಲೆ ಟೇಪ್ ಅಂಟಿಸಿಯೇ ಕೊಡಿ. ಮರಳು ಹೊಡೆತದಲ್ಲಿ ಅಕ್ಷರ ಅಳಿದರೆ ಎಫ್‌ಸಿಗೆ ನಿಂತಾಗ ಇನ್‌ಸ್ಪೆಕ್ಟರ್ ಮುಂದೆ ಉತ್ತರ ಇರುವುದಿಲ್ಲ. ಮೀಟರ್, ಸ್ವಿಚ್, ಸೈಡ್ ಬಾಕ್ಸ್, ಬ್ಯಾಡ್ಜ್‌ನಂಥ ಸಣ್ಣ ಸಾಮಾನುಗಳ ಅಸಲಿ ಒಂದೊಂದನ್ನೇ ಹುಡುಕಿ ಕೊಳ್ಳುವಾಗ ಬೆಲೆ ಹೇಳುವವನ ಮಾತೇ ಅಂತಿಮ. ಆದ್ದರಿಂದ ಬಣ್ಣ ಮಾಸಿದರೂ ಸಾಮಾನು ಪೂರ್ತಿ ಇರುವ ಗಾಡಿ, ಹೊಳೆಯುವ ಅರೆಬರೆ ಗಾಡಿಗಿಂತ ಮೇಲು.

ಲೆಕ್ಕ ಬರೆದು ನೋಡೋಣ

ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ನಿಮ್ಮೂರಿನ ದರ ಕೇಳಿ ಬದಲಾಯಿಸಿಕೊಳ್ಳಿ.

ನಿಂತ ಗಾಡಿ: ಕೊಂಡದ್ದು 35,000. ಎಂಜಿನ್ ಕೆಲಸ 18,000, ಪೇಂಟ್ ಮತ್ತು ಪೌಡರ್ ಕೋಟಿಂಗ್ 12,000, ಕ್ರೋಮ್ 10,000, ವೈರಿಂಗ್-ಲೈಟ್-ಮೀಟರ್ 8,000, ಟೈರ್-ಚೈನ್-ಬ್ರೇಕ್-ಕೇಬಲ್ 10,000, ಸೈಲೆನ್ಸರ್, ಸೀಟ್ ಮತ್ತು ಕಳೆದುಹೋದ ಸಾಮಾನು 15,000. ಕೆಲಸದ ಮೊತ್ತ 73,000. ಬಿಚ್ಚಿದ ಮೇಲೆ ಕಾಣುವ ಖರ್ಚಿಗೆ ಶೇ. 20ರಂತೆ 14,600. ನವೀಕರಣ ಮತ್ತು ತಡದ ಹಣ 16,400. ಒಟ್ಟು 1,39,000.

ಓಡುವ, ಕಾಗದ ಚಾಲ್ತಿಯಲ್ಲಿರುವ ಗಾಡಿ: ಕೊಂಡದ್ದು 90,000, ಸಣ್ಣಪುಟ್ಟ ಕೆಲಸ 15,000, ಹೆಸರು ವರ್ಗಾವಣೆ ಖರ್ಚು 3,000. ಒಟ್ಟು 1,08,000.

ವ್ಯತ್ಯಾಸ 31,000. ಮೆಕ್ಯಾನಿಕ್ ಅಂಗಡಿಗೆ ಅಲೆದ ದಿನಗಳು ಇದರಲ್ಲಿ ಸೇರಿಲ್ಲ. ಒಬ್ಬ ಮಾಲೀಕ ವರ್ಷಗಳ ಕಾಲ ತನ್ನ ಶೋಕಿಗೆ ಸುರಿದ ಹಣ ಮಾರುವಾಗ ಪೂರ್ತಿ ವಾಪಸ್ ಬರುವುದಿಲ್ಲ. ಆ ನಷ್ಟವೇ ಕೊಳ್ಳುವವರ ಲಾಭ.

ಹಾಗೆಂದು ಕೈಗೆ ಸಿಕ್ಕಿದ್ದನ್ನು ತರಬೇಡಿ. ಎಂಜಿನ್ ತಣ್ಣಗಿರುವಾಗಲೇ ಮುಟ್ಟಿ ನೋಡಿ, ನೀವೇ ಕಿಕ್ ಹೊಡೆಯಿರಿ. ಮೊದಲಿಗೆ ನೀಲಿ ಹೊಗೆ ಸಹಜ. ಕಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದಿದ್ದರೆ, ಒಳಗಿನಿಂದ ಕಟಕಟ ಸದ್ದು ಕೇಳಿದರೆ ಎಂಜಿನ್ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ. ಹೊಸ ಪೇಂಟ್ ಮೋಹಕ್ಕೆ ಬೀಳಬೇಡಿ.

ರೆಡಿ ಮಾಡಿಸುವುದು ಸರಿಯಾಗುವುದು ಎರಡೇ ಸಂದರ್ಭದಲ್ಲಿ. ಗಾಡಿ ಅಪ್ಪನದೋ ಮಾವನದೋ ಆಗಿ ಮನೆಯಲ್ಲೇ ನಿಂತಿದ್ದರೆ ಕೊಳ್ಳುವ ಹಣ ಉಳಿಯುತ್ತದೆ, ಚರಿತ್ರೆಯೂ ಗೊತ್ತಿರುತ್ತದೆ. ಅಥವಾ ಕೆಲಸವನ್ನು ನೀವೇ ಕೈಯಾರೆ ಕಲಿತು ಮಾಡುವ ಹುಚ್ಚಿದ್ದರೆ ಖರ್ಚಾದ ಹಣ ಕಲಿತ ಫೀಸು. ಇವೆರಡೂ ಅಲ್ಲದವರು ಕಾಗದ ಚೊಕ್ಕವಾಗಿರುವ, ಸಾಮಾನು ಪೂರ್ತಿಯಿರುವ, ದಿನವೂ ಓಡುತ್ತಿರುವ ಗಾಡಿಗೆ ಹತ್ತು ಸಾವಿರ ಹೆಚ್ಚೇ ಕೊಟ್ಟು ತನ್ನಿ.