ಮತದಾರರ ಮಾರ್ಗದರ್ಶಿ: ಉದ್ದೇಶ ಮತ್ತು ಬಳಕೆ

ವಿಜಯಪುರ ಜಿಲ್ಲೆಯ 8 ವಿಧಾನಸಭಾ ಕ್ಷೇತ್ರಗಳಲ್ಲಿ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ ಹಾಗೂ ಸಿಂದಗಿ ಸೇರಿವೆ. ಈ ಭಾಗದಿಂದ ಅನೇಕ ಕುಟುಂಬಗಳು ದುಡಿಮೆಗಾಗಿ ಮಹಾರಾಷ್ಟ್ರ, ಗೋವಾ ಮುಂತಾದೆಡೆ ಗುಳೆ ಹೋಗುತ್ತವೆ. ಮತದಾನಕ್ಕೆಂದೇ ಊರಿಗೆ ಮರಳಿದವರು ಸೂಕ್ತ ದಾಖಲೆಯಿಲ್ಲದೆ ಮತಗಟ್ಟೆಯಿಂದ ಹಿಂದಿರುಗುವಂತಾಗಬಾರದು. ಮತದಾರರ ಮಾರ್ಗದರ್ಶಿಯ ಮುಖ್ಯ ಪ್ರಯೋಜನ ಇದೇ ಆಗಿದೆ.

ಭಾರತ ಚುನಾವಣಾ ಆಯೋಗದ ಸೂಚನೆಯಂತೆ ಈ ಮಾರ್ಗದರ್ಶಿಯನ್ನು ಚುನಾವಣೆಗೆ ಮುನ್ನ ಪ್ರತಿ ಮತದಾರ ಕುಟುಂಬಕ್ಕೆ ಒದಗಿಸಲಾಗುತ್ತದೆ. 2023ರ ಮೇ 10ರಂದು ಮತದಾನ ನಡೆದ ರಾಜ್ಯ ವಿಧಾನಸಭಾ ಚುನಾವಣೆಗೂ ಈ ಸೂಚನೆ ಅನ್ವಯಿಸಿತ್ತು. ಮತಗಟ್ಟೆ ಮಟ್ಟದ ಅಧಿಕಾರಿಗಳು ಇದನ್ನು ಮತದಾರರ ಮಾಹಿತಿ ಚೀಟಿಯೊಂದಿಗೆ ಮನೆಮನೆಗೆ ತಲುಪಿಸುತ್ತಾರೆ.

ಮತದಾನದ ದಿನಾಂಕ ಮತ್ತು ವೇಳೆ, ಒಪ್ಪಿತ ಗುರುತಿನ ದಾಖಲೆಗಳು, ಮತಗಟ್ಟೆಯಲ್ಲಿ ಪಾಲಿಸಬೇಕಾದ ನಿಯಮಗಳು ಹಾಗೂ ಸಹಾಯವಾಣಿ ಸಂಖ್ಯೆ ಇದರಲ್ಲಿರುತ್ತವೆ. ಯಾವುದೇ ಪಕ್ಷದ ಅಥವಾ ಅಭ್ಯರ್ಥಿಯ ಪರ ಪ್ರಚಾರ ಇರುವುದಿಲ್ಲ. ರಾಜಕೀಯ ಪಕ್ಷಗಳು ಮತದಾರರಿಗೆ ನೀಡುವ ಚೀಟಿಗಳು ಸಹ ಬಿಳಿ ಕಾಗದದಲ್ಲಿದ್ದು, ಪಕ್ಷದ ಹೆಸರು, ಅಭ್ಯರ್ಥಿಯ ಹೆಸರು ಅಥವಾ ಚಿಹ್ನೆಯನ್ನು ಹೊಂದಿರತಕ್ಕದ್ದಲ್ಲ.

ಮಾಹಿತಿ ಚೀಟಿಯು ಮತಗಟ್ಟೆ ಹಾಗೂ ಕ್ರಮಸಂಖ್ಯೆಯನ್ನು ತಿಳಿಸುತ್ತದೆಯೇ ಹೊರತು ಗುರುತಿನ ದಾಖಲೆಯಲ್ಲ. 2019ರಿಂದ ಭಾವಚಿತ್ರವಿರುವ ಚೀಟಿಯನ್ನೂ ಗುರುತಿಗಾಗಿ ಪರಿಗಣಿಸುತ್ತಿಲ್ಲ. ಆದ್ದರಿಂದ ಮತದಾರರ ಗುರುತಿನ ಚೀಟಿಯನ್ನು, ಅದಿಲ್ಲದಿದ್ದಲ್ಲಿ ಆಧಾರ್, ಉದ್ಯೋಗ ಖಾತ್ರಿ ಕಾರ್ಡ್, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ ಮುಂತಾದ ಆಯೋಗ ಒಪ್ಪಿದ ದಾಖಲೆಗಳಲ್ಲಿ ಒಂದನ್ನು ಕೊಂಡೊಯ್ಯುವುದು ಅವಶ್ಯ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದಲ್ಲಿ ಯಾವ ದಾಖಲೆಯಿಂದಲೂ ಮತದಾನ ಸಾಧ್ಯವಿಲ್ಲ. ಊರು ಬಿಡುವ ಮುನ್ನವೇ ಪಟ್ಟಿಯಲ್ಲಿ ಹೆಸರನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ. ಹೆಚ್ಚಿನ ಮಾಹಿತಿಗೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಬಹುದಾಗಿದೆ.